ಮುಖ ತಿರುಗಿಸಿಕೊಂಡವರನ್ನು ಜೊತೆಗೆ ಹಾಡಿಸುವುದು ಹೇಗೆ?

“ಎರಡು ಗುಂಪಿನ ನಡುವೆ ಮಾತು ನಿಂತುಹೋಗಿದೆ. ಒಂದು ಸಂಗೀತ ಕಾರ್ಯಕ್ರಮ ಇಟ್ಟರೆ ಸರಿಹೋಗುತ್ತಾ?” ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಕಾಲೇಜಿನವರಿರಬಹುದು, ಸಂಘದವರಿರಬಹುದು, ಒಂದೇ ಕಟ್ಟಡದಲ್ಲಿ ಮುಖ ತಿರುಗಿಸಿಕೊಂಡು ಓಡಾಡುವ ನೆರೆಹೊರೆಯವರೂ ಇರಬಹುದು. ನನ್ನ ಉತ್ತರ ಪ್ರತಿಸಲ ಒಂದೇ: ಕಾರ್ಯಕ್ರಮದಿಂದ ಆಗುವುದಿಲ್ಲ, ತಾಲೀಮಿನಿಂದ ಆಗಬಹುದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ನಗಬೇಡಿ. ಯಾಕೆ ಅಂತ ಹೇಳುತ್ತೇನೆ.

1978ರ ಏಪ್ರಿಲ್ 22ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ದೊಡ್ಡದೊಂದು ಶಾಂತಿ ಕಾರ್ಯಕ್ರಮ ನಡೆಯಿತು. ಎರಡು ಪಕ್ಷಗಳ ಬೆಂಬಲಿಗರು ಬೀದಿಯಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ. ಹಾಡುತ್ತಲೇ ಬಾಬ್ ಮಾರ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ಮತ್ತು ವಿರೋಧ ಪಕ್ಷದ ಎಡ್ವರ್ಡ್ ಸಿಯಾಗ ಅವರನ್ನು ವೇದಿಕೆಗೆ ಕರೆದರು, ಇಬ್ಬರ ಕೈಗಳನ್ನೂ ಸೇರಿಸಿ ಮೇಲೆತ್ತಿ ಹಿಡಿದರು. ಆ ಫೋಟೊ ಇವತ್ತಿಗೂ ಓಡಾಡುತ್ತಿದೆ. ಆದರೆ ಎರಡೇ ವರ್ಷದಲ್ಲಿ, 1980ರ ಚುನಾವಣೆಯ ಹೊತ್ತಿಗೆ, ಅಲ್ಲಿ ನೂರಾರು ಜನ ರಾಜಕೀಯ ಹಿಂಸೆಗೆ ಬಲಿಯಾದರು.

ಈಗ ಎಸ್ಟೋನಿಯಾ ನೋಡಿ. ಆಗ ಅದು ಸೋವಿಯತ್ ಒಕ್ಕೂಟದ ಹಿಡಿತದಲ್ಲಿತ್ತು. 1988ರ ಸೆಪ್ಟೆಂಬರ್ 11ರಂದು ಟಾಲಿನ್ ನಗರದ ಹಾಡುಹಬ್ಬದ ಮೈದಾನದಲ್ಲಿ ಸುಮಾರು 3 ಲಕ್ಷ ಜನ ಸೇರಿದ್ದರು. ಆಗ ಇಡೀ ಎಸ್ಟೋನಿಯಾದ ಜನಸಂಖ್ಯೆಯೇ 15 ಲಕ್ಷದ ಆಸುಪಾಸು! 1991ರಲ್ಲಿ ದೇಶ ಮತ್ತೆ ಸ್ವತಂತ್ರವಾಯಿತು. ಆ ಚಳವಳಿಯನ್ನು ‘ಹಾಡುವ ಕ್ರಾಂತಿ’ ಎಂದೇ ಕರೆಯುತ್ತಾರೆ. ಹಾಡೊಂದರಿಂದಲೇ ಸ್ವಾತಂತ್ರ್ಯ ಬಂತು ಅಂತಲ್ಲ, ಅದರ ಹಿಂದೆ ಬೇಕಾದಷ್ಟು ರಾಜಕೀಯವಿತ್ತು. ಆದರೆ ಅಷ್ಟು ಜನ ರಾತ್ರೋರಾತ್ರಿ ಹಾಡಲು ಕಲಿತಿರಲಿಲ್ಲ. ಅಲ್ಲಿ 1869ರಿಂದ ಹಾಡುಹಬ್ಬ ನಡೆದುಕೊಂಡು ಬಂದಿದೆ. ಪಕ್ಕದವರ ಉಸಿರು ಕೇಳಿಸಿಕೊಂಡು ಹಾಡುವುದು ಅವರಿಗೆ ತಲೆಮಾರುಗಳ ರೂಢಿ.

ನಿಮ್ಮ ಕೈಯಲ್ಲಿ ನೂರಿಪ್ಪತ್ತು ವರ್ಷ ಇಲ್ಲ, ಸರಿ. ಮೂರು ತಿಂಗಳಾದರೂ ಇಟ್ಟುಕೊಳ್ಳಿ.

ಏನೇನು ಬೇಕು?

- 12ರಿಂದ 25 ಜನ. ಇದಕ್ಕಿಂತ ಕಮ್ಮಿ ಇದ್ದರೆ ಪ್ರತಿಯೊಬ್ಬರ ದನಿಯೂ ಬಯಲಾಗಿ ಹೊಸಬರು ಮುದುರಿಕೊಳ್ಳುತ್ತಾರೆ. ಜಾಸ್ತಿಯಾದರೆ ಹೆಸರೇ ನೆನಪಿರುವುದಿಲ್ಲ.
- ಎರಡೂ ಕಡೆಯವರು ಹಿಂಜರಿಯದೆ ಬರಬಹುದಾದ ಒಂದು ಕೋಣೆ.
- ವಾರಕ್ಕೆ ಒಂದು ಸಲ, ಒಂದೂವರೆ ಗಂಟೆ, ಹತ್ತು ಹನ್ನೆರಡು ವಾರ.
- ಹಾಡಿಸುವವರು ಒಬ್ಬರು. ಮಹಾ ವಿದ್ವಾಂಸರೇ ಆಗಬೇಕಿಲ್ಲ. ತಾಳ್ಮೆ ಇರಬೇಕು, ಶ್ರುತಿ ಹಿಡಿಯಲು ಬರಬೇಕು.
- ಗಮನಿಸುವವರು ಒಬ್ಬರು. ಯಾರು ಸುಮ್ಮನಾದರು, ಯಾರು ಎದ್ದು ಹೋದರು, ಎಲ್ಲಿ ಮಾತು ಬಿಸಿಯಾಯಿತು ಎಂದು ನೋಡುವುದು ಇವರ ಕೆಲಸ. ಹಾಡಿಸುವವರೇ ಇದನ್ನೂ ಮಾಡುತ್ತೇನೆ ಎಂದರೆ ಎರಡೂ ಕೆಡುತ್ತವೆ.
- ಶ್ರುತಿಗೆ ಮೊಬೈಲ್ ಆ್ಯಪ್, ತಾಳಕ್ಕೆ ಒಂದು ಚರ್ಮವಾದ್ಯ. ಅದೂ ಇಲ್ಲದಿದ್ದರೆ ಚಪ್ಪಾಳೆ.

ಮೈಕ್, ಬ್ಯಾನರ್, ಟೀ-ಶರ್ಟ್ ಈ ಪಟ್ಟಿಯಲ್ಲಿಲ್ಲ. ಮೊದಲ ಎರಡು ತಿಂಗಳು ಅವುಗಳ ಸುದ್ದಿಯೇ ಬೇಡ.

ಹಂತ 1: ಏನು ಬದಲಾಗಬೇಕು? ಒಂದೇ ವಾಕ್ಯದಲ್ಲಿ ಬರೆಯಿರಿ

ಶಾಂತಿ, ಒಗ್ಗಟ್ಟು, ಸಾಮಾಜಿಕ ಬದಲಾವಣೆ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಕೆಲಸ ಮಾಡಲು ಹೊರಟರೆ ಮೂರೂ ಬೇರೆ. ಜಗಳ ಆದವರ ನಡುವೆ ಶಾಂತಿ ಬೇಕಾದರೆ ಆ ಎರಡು ಕಡೆಯವರೇ ಹಾಡಬೇಕು, ಪ್ರೇಕ್ಷಕರು ಇಲ್ಲದಿದ್ದರೂ ನಡೆಯುತ್ತದೆ. ಜಗಳವಿಲ್ಲ, ಸುಮ್ನೆ ಪರಿಚಯ ಇಲ್ಲ ಎನ್ನುವ ಕಡೆ ಹಗುರವಾದ, ಎಲ್ಲರಿಗೂ ಬೇಗ ಬರುವ ಹಾಡು ಸಾಕು. ಬದಲಾವಣೆ ಬೇಕು ಎಂದರೆ, ಅಂದರೆ ಒಂದು ಕೆಟ್ಟ ರೂಢಿ ನಿಲ್ಲಿಸಬೇಕು ಅಥವಾ ಒಂದು ಹಕ್ಕು ಕೇಳಬೇಕು ಎಂದರೆ, ಕೇಳುವವರೇ ಮುಖ್ಯ. ಆಗ ಮಾತು ಸ್ಪಷ್ಟವಾಗಿ ಕೇಳಿಸಬೇಕು, ಹಾಡು ಮುಗಿದ ಮೇಲೆ ಅವರು ಏನು ಮಾಡಬೇಕು ಎನ್ನುವುದೂ ಗೊತ್ತಾಗಬೇಕು.

“ಎಲ್ಲರಲ್ಲೂ ಪ್ರೀತಿ ಹುಟ್ಟಲಿ” ಎನ್ನುವುದು ಹಾರೈಕೆ. “ಎರಡು ಓಣಿಯ ಹುಡುಗರು ಮೂರು ತಿಂಗಳಲ್ಲಿ ಒಬ್ಬರ ಹೆಸರು ಒಬ್ಬರು ಹಿಡಿದು ಕರೆಯಬೇಕು” ಎನ್ನುವುದು ಗುರಿ. ಎರಡನೆಯ ತರಹದ್ದನ್ನು ಬರೆಯಿರಿ.

ಹಂತ 2: ಈಗ ಶುರು ಮಾಡಬಹುದಾ?

ಕೆಲವು ಸಲ ಉತ್ತರ “ಬೇಡ”. ಪೆಟ್ಟು ಬಿದ್ದು ಇನ್ನೂ ಹಸಿ ಇರುವಾಗ, ಒಂದು ಕಡೆಯವರು ನ್ಯಾಯಕ್ಕೆ ಅಲೆಯುತ್ತಿರುವಾಗ “ಬನ್ನಿ, ಕೂತು ಹಾಡೋಣ” ಎಂದರೆ ಅದು ಅವರಿಗೆ “ಬಾಯಿ ಮುಚ್ಚಿಕೊಳ್ಳಿ” ಎಂದು ಕೇಳಿಸುತ್ತದೆ. ನೋವಿನ ಮೇಲೆ ಹಾಡಿನ ಬಟ್ಟೆ ಹೊದಿಸಿದರೆ ಗಾಯ ಒಳಗೇ ಕೀವಾಗುತ್ತದೆ.

ಶುರು ಮಾಡುವ ಮುಂಚೆ ಎರಡೂ ಕಡೆಯ ಎರಡೆರಡು ಜನರನ್ನು ಬೇರೆ ಬೇರೆಯಾಗಿ ಭೇಟಿಯಾಗಿ ಕೇಳಿ: ಇಲ್ಲಿಗೆ ಬಂದರೆ ನಿಮಗೆ ನಿಮ್ಮವರಿಂದಲೇ ತೊಂದರೆ ಆಗುತ್ತದಾ? ಹೌದು ಎಂದರೆ ಜಾಗ, ಹೊತ್ತು, ಪ್ರಚಾರ ಎಲ್ಲವನ್ನೂ ಅದಕ್ಕೆ ತಕ್ಕಂತೆ ಬದಲಿಸಿ, ಇಲ್ಲವೇ ಕಾಯಿರಿ. ಆ ನಾಲ್ವರೇ ಮುಂದೆ ತಂಡದ ಯಜಮಾನರಾಗಲಿ. ನೀವಲ್ಲ.

ಹಂತ 3: ಜನರನ್ನು ಸೇರಿಸಿ

ಆಯ್ಕೆ ಪರೀಕ್ಷೆ ಇಡಬೇಡಿ. ಚೆನ್ನಾಗಿ ಹಾಡುವವರನ್ನಷ್ಟೇ ಆರಿಸಿದರೆ ಒಳ್ಳೆಯ ಹಾಡು ಸಿಗಬಹುದು, ನಿಮಗೆ ಬೇಕಾದ ತಂಡ ಸಿಗುವುದಿಲ್ಲ. ಎರಡೂ ಕಡೆಯಿಂದ ಹೆಚ್ಚುಕಮ್ಮಿ ಸಮ ಸಂಖ್ಯೆ ಇರಲಿ. ಹತ್ತು ಜನರ ನಡುವೆ ಇಬ್ಬರನ್ನು ಕೂರಿಸಿದರೆ ಆ ಇಬ್ಬರು ಅತಿಥಿಗಳಾಗುತ್ತಾರೆ, ಪಾಲುದಾರರಲ್ಲ.

ಕೂರಿಸುವ ರೀತಿಗೂ ಬೆಲೆ ಇದೆ. ಆರ್ಕೆಸ್ಟ್ರಾ ನಡೆಸುವ ಸಂಗೀತಗಾರ ಡೇನಿಯಲ್ ಬಾರೆನ್‌ಬೊಯಿಮ್ ಮತ್ತು ಪ್ಯಾಲೆಸ್ಟೀನ್ ಮೂಲದ ಲೇಖಕ ಎಡ್ವರ್ಡ್ ಸಯೀದ್ 1999ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಅರಬ್ ಮತ್ತು ಇಸ್ರೇಲಿ ತರುಣ ವಾದಕರನ್ನು ಒಂದೇ ಆರ್ಕೆಸ್ಟ್ರಾದಲ್ಲಿ ಸೇರಿಸಿದರು. ಆರ್ಕೆಸ್ಟ್ರಾದಲ್ಲಿ ಇಬ್ಬರು ಪಿಟೀಲುಗಾರರಿಗೆ ಒಂದೇ ಸ್ವರಪುಸ್ತಕದ ಸ್ಟ್ಯಾಂಡ್ ಇರುತ್ತದೆ. ಒಂದು ಸ್ಟ್ಯಾಂಡಿನ ಎದುರು ಇಬ್ಬರು ಬೇರೆ ದೇಶದವರು ಕೂತರೆ ಪುಟ ತಿರುಗಿಸುವವರು ಯಾರು, ಪೆನ್ಸಿಲ್ ಗುರುತು ಹಾಕುವವರು ಯಾರು ಎಂದಾದರೂ ಮಾತಾಡಲೇಬೇಕಲ್ವಾ? ನೀವೂ ಹಾಡಿನ ಹಾಳೆಗಳನ್ನು ಇಬ್ಬರಿಗೆ ಒಂದರಂತೆ ಕೊಡಿ, ಜೋಡಿಯನ್ನು ನೀವೇ ಮಾಡಿ. ತಲೆಗೊಂದು ಹಾಳೆ ಕೊಟ್ಟರೆ ಒಂದು ಒಳ್ಳೆಯ ಅವಕಾಶ ಕೈತಪ್ಪುತ್ತದೆ.

ಇನ್ನೊಂದು ಮಾತು. ಕೆಲವರ ನಂಬಿಕೆಯಲ್ಲಿ ವಾದ್ಯ ನುಡಿಸುವಂತಿಲ್ಲ, ಕೆಲವರು ಕೆಲವು ಹೊತ್ತಿನಲ್ಲಿ ಬರುವಂತಿಲ್ಲ. ಸೇರುವಾಗಲೇ ಇದನ್ನು ಕೇಳಿಟ್ಟುಕೊಳ್ಳಿ. ಐದನೇ ವಾರದಲ್ಲಿ ಗೊತ್ತಾದರೆ ಎಲ್ಲರಿಗೂ ಮುಜುಗರ.

ಹಂತ 4: ಹಾಡು ಆರಿಸುವುದು

ಜಾಸ್ತಿ ಜನ ಎಡವುವುದು ಇಲ್ಲೇ. ಶಾಂತಿ, ಪ್ರೀತಿ, ಐಕ್ಯತೆ ಎಂದು ಪ್ರತಿ ಸಾಲಿನಲ್ಲೂ ಇರುವ ಹಾಡನ್ನು ಎತ್ತಿಕೊಳ್ಳುತ್ತಾರೆ. ಯಾರಿಗೂ ಬೇಸರವಾಗುವುದಿಲ್ಲ, ಯಾರ ಮನಸ್ಸಿಗೂ ತಟ್ಟುವುದೂ ಇಲ್ಲ.

ಹಾಡು ಯಾರದು ಎಂದು ಮೊದಲು ನೋಡಿ. ಒಂದು ಕಡೆಯವರ ಭಾಷೆ, ಒಂದು ಕಡೆಯವರ ಧಾಟಿ ಮಾತ್ರ ಇದ್ದರೆ ಇನ್ನೊಂದು ಕಡೆಯವರು ಹಿಮ್ಮೇಳಕ್ಕೆ ಬಂದವರಂತೆ ಆಗುತ್ತಾರೆ. ಪ್ರತಿ ಕಡೆಯವರೂ ಒಂದೊಂದು ಹಾಡು ತರಲಿ, ಇನ್ನೊಂದು ಕಡೆಯವರಿಗೆ ಕಲಿಸಲಿ. ಕಲಿಸುವಾಗ ತಪ್ಪು ಉಚ್ಚಾರಣೆಗೆ ಇಬ್ಬರೂ ನಗುತ್ತಾರೆ. ಆ ನಗು ಹಾಡಿಗಿಂತ ಒಳ್ಳೆಯ ಕೆಲಸ ಮಾಡುತ್ತದೆ. ದಕ್ಷಿಣ ಆಫ್ರಿಕಾದ ರಾಷ್ಟ್ರಗೀತೆ ಹೀಗೇ ಜೋಡಿಸಿದ್ದು. ವರ್ಣಭೇದದ ವಿರುದ್ಧ ಹೋರಾಡಿದವರ ಹಾಡಿನ ಭಾಗವನ್ನೂ ಹಳೆಯ ಆಡಳಿತದ ರಾಷ್ಟ್ರಗೀತೆಯ ಭಾಗವನ್ನೂ 1997ರಲ್ಲಿ ಸೇರಿಸಿ ಒಂದು ಮಾಡಿದರು. ಅದರಲ್ಲಿ ಐದು ಭಾಷೆಗಳಿವೆ.

ಭಕ್ತಿಗೀತೆಯ ವಿಷಯದಲ್ಲಿ ಹುಷಾರು. ಬೋಸ್ನಿಯಾದ ಸರಾಯೆವೊದಲ್ಲಿ ಯುದ್ಧ ಮುಗಿದ ಮರುವರ್ಷ, 1996ರಲ್ಲಿ, ಪೊಂಟಾನಿಮ ಎಂಬ ಗಾಯನ ತಂಡ ಹುಟ್ಟಿತು. ಕ್ಯಾಥೊಲಿಕ್, ಆರ್ಥೊಡಾಕ್ಸ್, ಯಹೂದಿ, ಮುಸ್ಲಿಂ ಪರಂಪರೆಯ ಹಾಡುಗಳನ್ನು ಒಂದೇ ತಂಡ ಹಾಡುತ್ತದೆ. ಸುಂದರವಾದ ಕೆಲಸ. ಆದರೆ ಮೊದಲ ವಾರದಲ್ಲೇ ಇದಕ್ಕೆ ಕೈ ಹಾಕಬೇಡಿ. ಬೇರೆಯವರ ಪ್ರಾರ್ಥನೆಯನ್ನು ಬಾಯಲ್ಲಿ ಹೇಳುವುದು ಕೆಲವರಿಗೆ ಬಹಳ ದೊಡ್ಡ ವಿಷಯ. “ಈ ಹಾಡಿಗೆ ನಾನು ಸುಮ್ಮನೆ ನಿಲ್ಲುತ್ತೇನೆ” ಎನ್ನುವ ಹಕ್ಕು ಎಲ್ಲರಿಗೂ ಇರಲಿ. ಯಾಕೆ ಎಂದು ಕೆದಕಬೇಡಿ.

ಹಾಡಿನ ಹಿಂದಿನ ಕಥೆಯನ್ನೂ ವಿಚಾರಿಸಿ. ಕಿವಿಗೆ ಇಂಪಾದ ಧಾಟಿಯೇ ಇನ್ನೊಬ್ಬರಿಗೆ ಮೆರವಣಿಗೆಯಲ್ಲಿ ಬೆದರಿಸಿದ ಹಾಡಾಗಿರಬಹುದು. ಸಂಗೀತ ತನ್ನಷ್ಟಕ್ಕೆ ಒಳ್ಳೆಯದು ಎಂಬ ನಂಬಿಕೆಯನ್ನು ಬಿಟ್ಟುಬಿಡಿ. 1994ರ ರುವಾಂಡಾ ನರಮೇಧದ ಕಾಲದಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೊ ಜನಕ್ಕೆ ಇಷ್ಟವಾದ ಹಾಡುಗಳನ್ನು ಹಾಕಿ ಕೇಳುಗರನ್ನು ಹಿಡಿದಿಟ್ಟುಕೊಂಡು, ಅವುಗಳ ನಡುವೆಯೇ ಕೊಲೆಗೆ ಕರೆ ಕೊಡುತ್ತಿತ್ತು.

ಇನ್ನು ಹಾಡುವ ಅನುಕೂಲ. ಸ್ಥಾಯಿ ಎಂದರೆ ಕೆಳಗಿನ ‘ಸ’ದಿಂದ ಮೇಲಿನ ‘ಸ’ದವರೆಗಿನ ಅಳತೆ. ಕಲಿಯದವರು ಹಾಡುವ ಹಾಡು ಒಂದು ಸ್ಥಾಯಿ, ಹೆಚ್ಚೆಂದರೆ ಅದಕ್ಕೆ ಇನ್ನೆರಡು ಸ್ವರ, ಅಷ್ಟರೊಳಗೆ ಇರಬೇಕು. ಗಂಡಸರಿಗೆ ಹಿತವಾದ ಶ್ರುತಿ ಹೆಂಗಸರಿಗೆ ತೀರಾ ತಗ್ಗು, ಹೆಂಗಸರದ್ದು ಗಂಡಸರಿಗೆ ಕತ್ತು ಹಿಸುಕಿದ ಹಾಗೆ. ಹಾಡಿನ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರವನ್ನು ಎಲ್ಲರಿಂದ ಗುನುಗಿಸಿ ನೋಡಿ, ಇಬ್ಬರಿಗೂ ತಡೆದುಕೊಳ್ಳಬಹುದಾದ ನಡುವಿನ ಶ್ರುತಿ ಹುಡುಕಿ. ಸಿನಿಮಾ ಹಾಡನ್ನು ಮೂಲ ಶ್ರುತಿಯಲ್ಲೇ ಹಾಡಬೇಕು ಎಂದು ಹಟ ಹಿಡಿಯುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಅವರಿಗೆ ತಾಳ ಕೊಟ್ಟು ಕೂರಿಸಿ.

ಶುರುವಿಗೆ ಅತ್ಯುತ್ತಮ ಎಂದರೆ ಒಬ್ಬರು ಒಂದು ಸಾಲು ಹೇಳಿ, ಉಳಿದವರು ಅದನ್ನೇ ತಿರುಗಿ ಹೇಳುವ ಹಾಡುಗಳು. ಹಾಳೆ ಬೇಡ, ಓದು ಬರಹ ಬೇಡ, ಹಿಂದಿನ ವಾರ ತಪ್ಪಿಸಿಕೊಂಡವರೂ ಸೇರಬಹುದು. ಮುಂದೆ ಹೇಳುವವರನ್ನು ಪ್ರತಿ ಸಲ ಬದಲಿಸಿ. ಇವತ್ತು ಈ ಕಡೆಯವರು ಹೇಳಿದ್ದನ್ನು ಆ ಕಡೆಯವರು ಕೇಳಿ ಹೇಳುತ್ತಾರೆ, ನಾಳೆ ತಿರುಗಾಮುರುಗಾ.

ಹಂತ 5: ತಾಲೀಮು

ಒಂದೂವರೆ ಗಂಟೆಯನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ ಹತ್ತು ನಿಮಿಷ ಉಸಿರು, ಚಪ್ಪಾಳೆ, ಹೆಸರಿನ ಆಟ. ಆಮೇಲೆ ಅರ್ಧ ಗಂಟೆ ಹಾಡು. ಇಪ್ಪತ್ತು ನಿಮಿಷ ಬಿಡುವು. ಮತ್ತೆ ಅರ್ಧ ಗಂಟೆ ಹಾಡು. ಆ ಬಿಡುವನ್ನು ಮಾತ್ರ ಕತ್ತರಿಸಬೇಡಿ. “ಹೊತ್ತಾಗಿದೆ, ಬಿಡುವು ಬೇಡ, ಇನ್ನೊಂದು ಸಲ ಹಾಡೋಣ” ಎಂದು ಉತ್ಸಾಹದವರು ಹೇಳಿಯೇ ಹೇಳುತ್ತಾರೆ. ನೀವು ಇಷ್ಟೆಲ್ಲ ಮಾಡುತ್ತಿರುವುದೇ ಆ ಇಪ್ಪತ್ತು ನಿಮಿಷಕ್ಕೆ.

ಇದಕ್ಕೆ ಆಧಾರವೂ ಇದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಐಲುನೆಡ್ ಪಿಯರ್ಸ್, ರಾಬಿನ್ ಡನ್ಬರ್ ಮತ್ತಿತರರು ವಯಸ್ಕರ ತರಗತಿಗಳನ್ನು ಏಳು ತಿಂಗಳು ಗಮನಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರು ಹಾಡು ಕಲಿಯುತ್ತಿದ್ದರು, ಕೆಲವರು ಕರಕುಶಲ ಕೆಲಸ, ಕೆಲವರು ಬರವಣಿಗೆ. ಹಾಡುವವರು ಮೊದಲಿಗೆ ಬಹಳ ಬೇಗ ಹತ್ತಿರವಾದರು. ಆದರೆ ಏಳು ತಿಂಗಳ ಕೊನೆಗೆ ಮೂರೂ ಬಗೆಯ ತರಗತಿಯವರು ಒಂದೇ ಮಟ್ಟದಲ್ಲಿದ್ದರು. ಎಂದರೆ, ಹಾಡು ಬಾಗಿಲನ್ನು ಬೇಗ ತೆರೆಸುತ್ತದೆ. ಒಳಗೆ ಬಂದವರು ಮಾತಾಡಿಕೊಂಡು, ವಾರ ವಾರ ಮುಖ ನೋಡಿಕೊಂಡೇ ಪರಿಚಯ ಬೆಳೆಸಬೇಕು. ಅದಕ್ಕೇ ಬಿಡುವು ಬೇಕು ಅನ್ನುವುದು.

ಹಾಡುವಾಗ ದೇಹವೂ ಸಹಾಯಕ್ಕೆ ಬರುತ್ತದೆ. ಒಂದೇ ಹಾಡನ್ನು ಒಟ್ಟಿಗೆ ಹಾಡುವವರ ಉಸಿರು ಒಂದೇ ಲಯಕ್ಕೆ ಬರುತ್ತದೆ, ಉಸಿರಿನ ಜೊತೆ ಹೃದಯ ಬಡಿತವೂ ಒಟ್ಟಿಗೆ ಏರಿಳಿಯುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ಹಾಗಾಗಿ ಉದ್ದುದ್ದ ಸಾಲಿನ, ನಿಧಾನದ ಒಂದು ಹಾಡನ್ನು ಪ್ರತಿ ತಾಲೀಮಿನಲ್ಲೂ ಇಟ್ಟುಕೊಳ್ಳಿ. ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಳ್ಳುವಂತೆ ಹಾಳೆಯಲ್ಲಿ ಗುರುತು ಹಾಕಿ.

ಯಾರಾದರೂ ಅಪಸ್ವರ ಹಾಡಿದರೆ ಹೆಸರು ಹಿಡಿದು ತಿದ್ದಬೇಡಿ, ಅದರಲ್ಲೂ ಇನ್ನೊಂದು ಕಡೆಯವರ ಎದುರಿಗೆ. “ಈ ಸಾಲನ್ನು ಎಲ್ಲರೂ ಇನ್ನೊಂದು ಸಲ” ಎಂದರೆ ಸಾಕು. ಜಗಳ ಬಂದರೆ? ಬರುತ್ತದೆ. ಹಾಡು ನಿಲ್ಲಿಸಿ, ಗಮನಿಸುವವರಿಗೆ ಬಿಡಿ. ಹಾಡಿ ಜಗಳವನ್ನು ಮುಳುಗಿಸಲು ಹೋಗಬೇಡಿ. ಒಂದು ತಂಡದಲ್ಲಿ ನಾನೇ ಈ ತಪ್ಪು ಮಾಡಿ, ಮುಂದಿನ ವಾರ ಅರ್ಧ ಕೋಣೆ ಖಾಲಿ ನೋಡಿದ್ದೇನೆ.

ಹಂತ 6: ಒಟ್ಟಿಗೆ ಒಂದು ಹಾಡು ಕಟ್ಟಿ

ಆರನೇ ವಾರದ ಹೊತ್ತಿಗೆ ಹೊಸ ಹಾಡಿಗೆ ಕೈ ಹಾಕಬಹುದು. ಎಲ್ಲರಿಗೂ ಗೊತ್ತಿರುವ ಸರಳ ಧಾಟಿ ತೆಗೆದುಕೊಳ್ಳಿ. ಧಾಟಿಯನ್ನೂ ಮಾತನ್ನೂ ಒಟ್ಟಿಗೆ ಹೊಸದಾಗಿ ಮಾಡಲು ಹೊರಟರೆ ಎರಡೂ ಮುಗಿಯುವುದಿಲ್ಲ. ಇಬ್ಬಿಬ್ಬರ ಜೋಡಿ, ಪ್ರತಿ ಜೋಡಿಗೆ ಒಂದು ನುಡಿ, ಪಲ್ಲವಿ ಮಾತ್ರ ಎಲ್ಲರದು. ಪಲ್ಲವಿ ಎಂದರೆ ಪ್ರತಿ ನುಡಿಯ ನಂತರ ತಿರುಗಿ ಬರುವ ಸಾಲು.

ದೊಡ್ಡ ಮಾತು ಬರೆಯಬೇಡಿ ಎನ್ನಿ. ನೋಡಿದ್ದು, ಮುಟ್ಟಿದ್ದು, ಕೇಳಿದ್ದು ಬರೆಯಲಿ. ‘ಸೌಹಾರ್ದ’ ಎಂಬ ಪದಕ್ಕಿಂತ ‘ನಿನ್ನ ಮನೆಯ ದೀಪ ನನ್ನ ಕಿಟಕಿಗೆ ಕಾಣುತ್ತದೆ’ ಎಂಬ ಸಾಲು ಬೇಗ ಒಳಗಿಳಿಯುತ್ತದೆ. ಪದ ಬದಲಿಸಲು ಹೆದರಬೇಡಿ. 1945–46ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನ ತಂಬಾಕು ಕಾರ್ಖಾನೆಯ ಕಾರ್ಮಿಕರು ಮುಷ್ಕರದಲ್ಲಿ ಹಳೆಯ ಚರ್ಚ್ ಹಾಡೊಂದನ್ನು ಹಾಡುತ್ತಿದ್ದರು. ಅದರ ‘ನಾನು’ ಅಲ್ಲಿ ‘ನಾವು’ ಆಯಿತು. ಮುಂದೆ ನಾಗರಿಕ ಹಕ್ಕುಗಳ ಚಳವಳಿಯ ಹಾಡಾಗಿ ಲೋಕವೆಲ್ಲ ತಿರುಗಿದ ‘ವಿ ಶಲ್ ಓವರ್‌ಕಮ್’ ಅದೇ.

ಬದಲಾವಣೆಗಾಗಿ ಹಾಡುವವರಿಗೆ ಒಂದು ಕಿವಿಮಾತು: ಒಂದು ಹಾಡಿಗೆ ಒಂದೇ ಬೇಡಿಕೆ. ಬೇಡಿಕೆ ಪಲ್ಲವಿಯಲ್ಲೇ ಇರಲಿ. ಜನ ಮನೆಗೆ ಹೋಗುವಾಗ ಬಾಯಲ್ಲಿ ಉಳಿಯುವುದು ಪಲ್ಲವಿ ಮಾತ್ರ.

ಹಂತ 7: ವೇದಿಕೆ

ಈಗ ಬೇಕಾದರೆ ಕಾರ್ಯಕ್ರಮ ಮಾಡಿ. ನಲವತ್ತು ನಿಮಿಷ ಸಾಕು. ಭಾಷಣ ಬೇಡ. ಗಣ್ಯರನ್ನು ಕರೆಯಲೇಬೇಕಾದರೆ ಮುಂದಿನ ಸಾಲಿನಲ್ಲಿ ಕೂರಿಸಿ, ಮೈಕ್ ಕೊಡಬೇಡಿ. ಒಂದು ಪಕ್ಷದವರ ಫೋಟೊ ಬ್ಯಾನರಿನಲ್ಲಿ ಬಂದರೆ ಹನ್ನೆರಡು ವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹಣ ಕೊಡುವವರಿಗೂ ಇದನ್ನು ಮೊದಲೇ ಹೇಳಿಬಿಡಿ.

ಅನುಮತಿ, ಜಾಗ, ಹೊತ್ತು ಇವುಗಳನ್ನು ಬರಹದಲ್ಲಿ ಪಡೆಯಿರಿ. ಸದ್ದಿನ ಮೇಲೆ ಹಿಡಿತವಿರಲಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಸರಾಸರಿ 100 ಡೆಸಿಬಲ್ ಮೀರಬಾರದು ಎಂಬ ಮಿತಿ ಹೇಳಿದೆ. ಡೆಸಿಬಲ್ ಎಂದರೆ ಸದ್ದಿನ ಅಳತೆ. ನಿಮ್ಮ ತಂಡಕ್ಕೆ ಅದರ ಹತ್ತಿರವೂ ಹೋಗಬೇಕಿಲ್ಲ. ಮಾತು ಸ್ಪಷ್ಟವಾಗಿ ಕೇಳಬೇಕು, ಅಷ್ಟೇ. ಸೌಂಡ್‌ನವರಿಗೆ ತಾಳವಾದ್ಯಕ್ಕಿಂತ ದನಿ ಮುಂದಿರಲಿ ಎಂದು ಹೇಳಿ, ಕಾರ್ಯಕ್ರಮದ ಮುಂಚೆ ಕೊನೆಯ ಸಾಲಿನಲ್ಲಿ ನೀವೇ ನಿಂತು ಕೇಳಿ ನೋಡಿ. ಕೊನೆಯ ಹಾಡಿನ ಪಲ್ಲವಿಯನ್ನು ಪ್ರೇಕ್ಷಕರಿಗೆ ಎರಡು ನಿಮಿಷದಲ್ಲಿ ಕಲಿಸಿ, ಅವರನ್ನೂ ಹಾಡಿಸಿ.

ಹಂತ 8: ರೆಕಾರ್ಡಿಂಗ್ ಮತ್ತು ಹಕ್ಕು

ವಿಡಿಯೊ ಹಾಕುವ ಮುಂಚೆ ಪ್ರತಿಯೊಬ್ಬರಿಂದಲೂ ಒಪ್ಪಿಗೆ ಬರೆಸಿಕೊಳ್ಳಿ. ಚಿಕ್ಕವರಿದ್ದರೆ ಹೆತ್ತವರಿಂದ. “ನನ್ನ ಮುಖ ಬೇಡ, ದನಿ ಇರಲಿ” ಎನ್ನುವವರು ಇರುತ್ತಾರೆ. ಇನ್ನೊಂದು ಕಡೆಯವರ ಜೊತೆ ಕಾಣಿಸಿಕೊಂಡಿದ್ದಕ್ಕೇ ಮನೆಯಲ್ಲಿ ಬೈಗುಳ ತಿನ್ನುವವರಿದ್ದಾರೆ ಎನ್ನುವುದು ನೆನಪಿರಲಿ.

ಕಾಪಿರೈಟ್ ಎರಡು ಬಗೆ. ಹಾಡಿನ ಮಾತು ಮತ್ತು ಧಾಟಿಯ ಮೇಲಿನದು ಒಂದು, ಯಾರೋ ಮಾಡಿದ ರೆಕಾರ್ಡಿಂಗಿನ ಮೇಲಿನದು ಇನ್ನೊಂದು. ಟ್ರ್ಯಾಕ್ ಹಾಕಿಕೊಂಡು ಹಾಡಿದರೆ ಎರಡಕ್ಕೂ ಒಪ್ಪಿಗೆ ಬೇಕಾಗಬಹುದು. ಹಳೆಯ ಹಾಡು, ಜನಪದ ಧಾಟಿ ಎಂದಾಕ್ಷಣ ಎಲ್ಲರದ್ದೂ ಎಂದುಕೊಳ್ಳಬೇಡಿ. ಮೇಲೆ ಹೇಳಿದ ‘ವಿ ಶಲ್ ಓವರ್‌ಕಮ್’ ಮೇಲೆಯೂ ಒಂದು ಪ್ರಕಾಶನ ಸಂಸ್ಥೆ ದಶಕಗಳ ಕಾಲ ಹಕ್ಕು ಹೇಳುತ್ತಿತ್ತು. ಕೋರ್ಟಿಗೆ ಹೋದ ಮೇಲೆ 2018ರಲ್ಲಿ ರಾಜಿಯಾಗಿ ಅದು ಎಲ್ಲರ ಸೊತ್ತಾಯಿತು. ನೀವು ಕಟ್ಟಿದ ಹಾಡಿಗೆ ಬರೆದವರ ಹೆಸರುಗಳನ್ನೆಲ್ಲ ಹಾಕಿ, ಯಾರು ಬೇಕಾದರೂ ಹಾಡಬಹುದಾ ಇಲ್ಲವಾ ಎಂದು ತಂಡದವರೇ ಕೂತು ತೀರ್ಮಾನಿಸಿ ಬರೆದಿಡಿ. ಹಾಡು ಹೆಸರು ಮಾಡಿದ ಮೇಲೆ ಈ ಮಾತು ಎತ್ತಿದರೆ ಹೊಸ ಜಗಳ ಶುರು.

ಹಂತ 9: ಕೆಲಸ ಆಯಿತಾ ಎಂದು ನೋಡುವುದು

ಚಪ್ಪಾಳೆಯನ್ನೂ ವಿಡಿಯೊ ನೋಡಿದವರ ಸಂಖ್ಯೆಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಮೊದಲ ವಾರವೂ ಕೊನೆಯ ವಾರವೂ ಅದೇ ಮೂರು ಪ್ರಶ್ನೆ ಕೇಳಿ: ಇನ್ನೊಂದು ಕಡೆಯ ಎಷ್ಟು ಜನರ ಹೆಸರು ಗೊತ್ತು? ತಾಲೀಮಿನ ಹೊರಗೆ ಅವರಲ್ಲಿ ಯಾರ ಜೊತೆಯಾದರೂ ಮಾತಾಡಿದ್ದೀರಾ? ಕಷ್ಟಕ್ಕೆ ಅವರಲ್ಲಿ ಒಬ್ಬರಿಗೆ ಫೋನ್ ಮಾಡುತ್ತೀರಾ? ಹೆಸರು ಬರೆಯದೆ ಚೀಟಿಯಲ್ಲಿ ಉತ್ತರಿಸಲಿ. ಬೇಡಿಕೆಗಾಗಿ ಹಾಡಿದ್ದರೆ ಲೆಕ್ಕ ಬೇರೆ: ಎಷ್ಟು ಜನ ಸಹಿ ಹಾಕಿದರು, ಎಷ್ಟು ಜನ ಸಭೆಗೆ ಬಂದರು, ರೂಢಿ ಬಿಟ್ಟವರು ಯಾರು.

ಮೂರನೇ ಪ್ರಶ್ನೆಗೆ “ಇಲ್ಲ” ಜಾಸ್ತಿ ಬಂದರೆ ಎದೆಗುಂದಬೇಡಿ, ಮೂರು ತಿಂಗಳಿಗೆ ಅದು ಸಹಜ. ಮೊದಲನೆಯದಕ್ಕೇ ಉತ್ತರ ಬದಲಾಗಿಲ್ಲ ಎಂದರೆ ಬಿಡುವಿನಲ್ಲಿ ಎರಡು ಕಡೆಯವರೂ ಬೇರೆ ಬೇರೆ ಮೂಲೆಯಲ್ಲಿ ನಿಲ್ಲುತ್ತಿದ್ದಾರೆ ಎಂದರ್ಥ. ಐದನೇ ಹಂತಕ್ಕೆ ಹಿಂದಿರುಗಿ.

ಕೊನೆಯದಾಗಿ, ಕಾರ್ಯಕ್ರಮದ ಮರುದಿನ ತಂಡ ಚದುರಿಹೋಗುವುದು ತುಂಬ ಕಡೆ ಆಗುವ ಕಥೆ. ವೇದಿಕೆ ಹತ್ತುವ ಮುಂಚೆಯೇ ಮುಂದಿನ ತಾಲೀಮಿನ ದಿನ, ಹೊತ್ತು ಗೊತ್ತುಮಾಡಿ. ಕೋಣೆಯ ಬೀಗದ ಕೈ ಎರಡು ಮಾಡಿಸಿ, ಕಡೆಗೊಂದು ಕೊಡಿ.